ಪಾಯಿಂಟ್ ರೇಟಿನೊಳಗೆ ಏನೇನು ಅಡಗಿದೆ?

(ಪುಣೆ, ಪಿಂಪ್ರಿ-ಚಿಂಚವಾಡದ ಕನ್ನಡಿಗ ವಿದ್ಯುತ್ ಗುತ್ತಿಗೆದಾರರು ಮತ್ತು ವೈರ್‌ಮನ್‌ಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ನಮಸ್ಕಾರ. ಭೋಸರಿ, ಚಾಕಣ, ವಾಕಡ, ಹಡಪಸರ ಕಡೆಯಿಂದ ಸೈಟಿನ ಕೆಲಸ ಮುಗಿಸಿ ಬಂದಿದ್ದೀರಿ, ಹಾಗಾಗಿ ಪೀಠಿಕೆ ಬೇಡ. ಬಿಲ್ಡರ್ ಇರಲಿ, ಫ್ಲ್ಯಾಟಿನ ಮಾಲೀಕರಿರಲಿ, ಬಾಯಿ ತೆರೆದರೆ ಮೊದಲ ಪ್ರಶ್ನೆ ಒಂದೇ: 'ಪಾಯಿಂಟಿಗೆ (ಅಂದರೆ ಒಂದು ದೀಪ, ಫ್ಯಾನು ಅಥವಾ ಸಾಕೆಟ್ಟಿನ ವೈರಿಂಗಿಗೆ) ಎಷ್ಟು?' ನಾವೂ ಥಟ್ಟನೆ ಒಂದು ಅಂಕಿ ಹೇಳಿಬಿಡುತ್ತೇವೆ. ಪಕ್ಕದವನು ಎಷ್ಟು ಹೇಳಿದನೋ ಅದಕ್ಕಿಂತ ಹತ್ತು ರೂಪಾಯಿ ಕಡಿಮೆ. ಆ ಒಂದು ಅಂಕಿಯೊಳಗೆ ಲೈಸೆನ್ಸಿನ ಸಹಿ, ತಾಮ್ರದ ಏರಿಳಿತ, ಸ್ಲ್ಯಾಬ್ ಹಾಕುವ ದಿನ ನಿಲ್ಲಬೇಕಾದ ಆಳು, ಬಿಲ್ ಪಾಸಾಗುವ ತನಕದ ಬಡ್ಡಿ ಎಲ್ಲವೂ ಕೂತಿರುತ್ತವೆ. ಒಂದೊಂದಾಗಿ ಬಿಚ್ಚಿ ನೋಡೋಣ.

ಮೊದಲು ಕಾಗದ

1956ರ ಭಾರತೀಯ ವಿದ್ಯುತ್ ನಿಯಮಗಳ 45ನೇ ನಿಯಮದಲ್ಲಿ ಇದ್ದದ್ದೇ ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಗಳಿಗೆ ಬಂತು, ಅವುಗಳ ಜಾಗಕ್ಕೆ ಬಂದ 2023ರ ನಿಯಮಗಳಲ್ಲೂ ತಿರುಳು ಅದೇ. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಹಾಳಾದರೆ ಇದ್ದದ್ದನ್ನು ಇದ್ದ ಹಾಗೆಯೇ ಬದಲಿಸಬಹುದು. ಅದು ಬಿಟ್ಟು ಹೊಸ ವೈರಿಂಗ್, ಹೆಚ್ಚುವರಿ ಪಾಯಿಂಟ್, ಲೋಡ್ ಬದಲಾಗುವ ದುರಸ್ತಿ ಯಾವುದೇ ಆದರೂ ರಾಜ್ಯ ಸರ್ಕಾರದ ಲೈಸೆನ್ಸ್ ಪಡೆದ ಗುತ್ತಿಗೆದಾರನೇ ಮಾಡಬೇಕು. ಅರ್ಹತಾ ಪ್ರಮಾಣಪತ್ರ ಇರುವ ಸೂಪರ್‌ವೈಸರ್ ನೇರವಾಗಿ ಉಸ್ತುವಾರಿ ನೋಡಬೇಕು, ತಂತಿ ಮುಟ್ಟುವ ಕೈಗೂ ಪರ್ಮಿಟ್ ಇರಬೇಕು. ಅಂದರೆ ಮೂರು ಕಾಗದ: ಇಲ್ಲಿನವರು ತಾರತಂತ್ರಿ ಎನ್ನುವ ವೈರ್‌ಮನ್ ಪರವಾನಗಿ, ಪರ್ಯವೇಕ್ಷಕನ ಪ್ರಮಾಣಪತ್ರ, ಗುತ್ತಿಗೆದಾರನ ಲೈಸೆನ್ಸ್. ಗುತ್ತಿಗೆದಾರ ತಾನೇ ಇಂಜಿನಿಯರ್ ಆಗಿರಬೇಕೆಂದಿಲ್ಲ, ಅರ್ಹ ಸೂಪರ್‌ವೈಸರನನ್ನು ಸಂಬಳಕ್ಕೆ ಇಟ್ಟುಕೊಂಡರೂ ನಡೆಯುತ್ತದೆ. ಆದರೆ ಆತ ಕೆಲಸ ಬಿಟ್ಟು ಹೋದರೆ ತಡಮಾಡದೆ ಲೈಸೆನ್ಸ್ ಕೊಡುವ ಮಂಡಳಿಗೆ ತಿಳಿಸಿ ಇನ್ನೊಬ್ಬರ ಹೆಸರು ಸೇರಿಸಬೇಕು. ಬಹಳ ಜನ ಇದನ್ನು ನವೀಕರಣದ ಹೊತ್ತಿಗೆ ನೋಡಿದರಾಯಿತು ಎಂದು ಬಿಡುತ್ತಾರೆ. ನಡುವೆ ಎಲ್ಲೋ ಶಾಕ್ ಹೊಡೆದು ಪಂಚನಾಮೆ ಆದರೆ, ಸೂಪರ್‌ವೈಸರ್ ಇಲ್ಲದ ಅವಧಿಯಲ್ಲಿ ನೀವು ಸಹಿ ಮಾಡಿದ ಪ್ರತಿ ಟೆಸ್ಟ್ ರಿಪೋರ್ಟ್ (ವೈರಿಂಗ್ ಪರೀಕ್ಷೆಯ ವರದಿ) ನಿಮ್ಮ ವಿರುದ್ಧದ ಸಾಕ್ಷಿ.

ನಮ್ಮವರಿಗೇ ಬರುವ ತೊಡಕು ಎರಡು. ಒಂದು, ಕರ್ನಾಟಕದ ಲೈಸೆನ್ಸ್ ಗಡಿ ದಾಟಿದರೆ ತಾನಾಗಿ ನಡೆಯುವುದಿಲ್ಲ. ಬೆಳಗಾವಿಯಲ್ಲಿ ಚಾಲ್ತಿಯಲ್ಲಿರುವ ಕಾಗದ ಹಿಡಿದು ಕೊಲ್ಹಾಪುರದಲ್ಲಿ ಟೆಸ್ಟ್ ರಿಪೋರ್ಟ್ ಕೊಡಲಾಗದು. ವಿಜಯಪುರ, ಕಲಬುರಗಿಯಲ್ಲಿ ಮಾಡಿದ ಐಟಿಐ ಮಾತ್ರ ಎನ್‌ಸಿವಿಟಿ (ರಾಷ್ಟ್ರೀಯ ವೃತ್ತಿ ತರಬೇತಿ ಮಂಡಳಿ) ಪ್ರಮಾಣಪತ್ರದ್ದಾದರೆ ದೇಶಕ್ಕೆಲ್ಲ ಒಂದೇ, ಅದರ ಆಧಾರದ ಮೇಲೆ ಇಲ್ಲಿ ಅರ್ಜಿ ಹಾಕಬಹುದು. ಎರಡನೆಯದು ಹೆಸರಿನ ರಗಳೆ. ನಮ್ಮ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಶಿಯಲ್ ಇರುತ್ತದೆ ಇಲ್ಲವೇ ಬರೀ ಹೆಸರು. ಇಲ್ಲಿ ಮಾಡಿಸಿದ ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್‌ಗಳಲ್ಲಿ ಹೆಸರು, ತಂದೆಯ ಹೆಸರು, ಅಡ್ಡಹೆಸರು ಮೂರೂ ಬಂದಿರುತ್ತವೆ. ಅರ್ಜಿ ಆನ್‌ಲೈನ್‌ನಲ್ಲಿ ಹೋದ ಮೇಲೆ ಇದಕ್ಕೆ ಆಕ್ಷೇಪಣೆ ಬಂದರೆ ತಿಂಗಳುಗಟ್ಟಲೆ ಅಲೆದಾಟ. ಮೊದಲೇ ಅಫಿಡವಿಟ್ ಮಾಡಿಸಿ, ಬೇಕಿದ್ದರೆ ಗೆಜೆಟ್‌ನಲ್ಲೂ ಹಾಕಿಸಿ, ಎಲ್ಲ ಕಡೆ ಒಂದೇ ಹೆಸರು ಮಾಡಿಕೊಂಡು ಆಮೇಲೆ ಅರ್ಜಿಗೆ ಕೂರಿ.

ಸಲಕರಣೆಗಳ ವಿಷಯ ಒಂದೇ ಮಾತಿನಲ್ಲಿ: ಮೆಗ್ಗರ್ (ತಂತಿಯ ಇನ್ಸುಲೇಶನ್ ರೋಧ ಅಳೆಯುವ ಮೀಟರ್), ಅರ್ತ್ ಟೆಸ್ಟರ್, ಕ್ಲ್ಯಾಂಪ್ ಮೀಟರ್, ಮಲ್ಟಿಮೀಟರ್ ಬಿಲ್ ಸಮೇತ ನಿಮ್ಮ ಹೆಸರಲ್ಲಿರಲಿ, ಕ್ಯಾಲಿಬ್ರೇಶನ್ ಕಾಗದವೂ ಇರಲಿ.

ಸಹಿಯ ಬೆಲೆ

ಹೊಸ ಮೀಟರ್ ಬೇಕೆಂದರೆ ಪುಣೆಯಲ್ಲಿ ಮಹಾವಿತರಣ, ಅಂದರೆ ರಾಜ್ಯ ಸರ್ಕಾರದ ವಿದ್ಯುತ್ ವಿತರಣಾ ಕಂಪನಿ. ಮುಂಬೈಯಲ್ಲಿ ಕೊಲಾಬಾದಿಂದ ಮಾಹಿಮ್, ಸಾಯನ್ ತನಕ ಬೆಸ್ಟ್, ಉಪನಗರಗಳಲ್ಲಿ ಅದಾನಿ ಮತ್ತು ಟಾಟಾ, ಭಾಂಡುಪ್, ಮುಲುಂಡ್ ಮತ್ತು ಅವುಗಳಾಚೆ ಮತ್ತೆ ಮಹಾವಿತರಣ. ಗೋವಾದಲ್ಲಿ ಸರ್ಕಾರದ್ದೇ ವಿದ್ಯುತ್ ಇಲಾಖೆ. ಅರ್ಜಿಯ ನಮೂನೆ ಒಂದೊಂದು ಕಡೆ ಒಂದೊಂದು ಥರ, ಆದರೆ ಲೈಸೆನ್ಸ್ ಇರುವ ಗುತ್ತಿಗೆದಾರನ ಟೆಸ್ಟ್ ರಿಪೋರ್ಟ್ ಎಲ್ಲ ಕಡೆಯೂ ಬೇಕು. ಈ ರಿಪೋರ್ಟ್ ಪೇಟೆಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಅದೂ ಜಾಗ ನೋಡದೆ. ನಮ್ಮ ಧಂದೆಯಲ್ಲಿ ಅತಿ ಅಗ್ಗವಾಗಿ ಮಾರಾಟವಾಗುವ ಸರಕು ಇದೇ. ಅದರ ಹಿಂದಿನ ಹೊಣೆಯಷ್ಟು ದುಬಾರಿ ಸರಕು ಬೇರೊಂದಿಲ್ಲ.

ಸರಿಯಾಗಿ ಪರೀಕ್ಷೆ ಮಾಡಿದರೆ ಒಂದು 2 ಬಿಎಚ್‌ಕೆಗೆ ಒಬ್ಬ ವೈರ್‌ಮನ್, ಒಬ್ಬ ಹೆಲ್ಪರ್, ಅರ್ಧ ದಿನ ಹೋಗುತ್ತದೆ. ಮೇನ್ ಸ್ವಿಚ್ ಇಳಿಸಿ. ಬಲ್ಬು, ಎಲ್‌ಇಡಿ ಡ್ರೈವರ್, ಸರ್ಜ್ ಪ್ರೊಟೆಕ್ಟರ್, ಇನ್ವರ್ಟರ್ ಎಲ್ಲ ಕಳಚಿ, ಇಲ್ಲವಾದರೆ ಮೆಗ್ಗರಿನ 500 ವೋಲ್ಟ್‌ಗೆ ಅವು ಸುಡುತ್ತವೆ, ರೀಡಿಂಗೂ ಸುಳ್ಳಾಗುತ್ತದೆ. ಸ್ವಿಚ್‌ಗಳೆಲ್ಲ ಆನ್ ಇರಲಿ. ಫೇಸ್‌ನಿಂದ ಅರ್ತ್‌ಗೆ, ನ್ಯೂಟ್ರಲ್‌ನಿಂದ ಅರ್ತ್‌ಗೆ, ಫೇಸ್‌ನಿಂದ ನ್ಯೂಟ್ರಲ್‌ಗೆ ಒಂದು ನಿಮಿಷ ಹಿಡಿದು ನೋಡಿ. 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ಸಹಿ ಇಲ್ಲ. ಹೊಸ ವೈರಿಂಗಿನಲ್ಲಿ ನೂರರ ಆಸುಪಾಸು ಬರಬೇಕಾದ್ದು ನಾಲ್ಕೈದಕ್ಕೆ ಬಂತೆಂದರೆ, ನಿಯಮದ ಪ್ರಕಾರ ಪಾಸಾದರೂ, ಪ್ಲಾಸ್ಟರಿನ ನೀರು ಪೈಪಿನೊಳಗೆ ನಿಂತಿದೆ ಅಥವಾ ಎಲ್ಲೋ ತಂತಿ ಉಜ್ಜಿದೆ ಎಂದರ್ಥ. ಆಮೇಲೆ ಪ್ರತಿ ಸಾಕೆಟ್ಟಿನ ಪೊಲ್ಯಾರಿಟಿ, ಅರ್ತ್ ಪಿನ್ನಿನ ನಿರಂತರತೆ. ಕೊನೆಗೆ ಕರೆಂಟ್ ಕೊಟ್ಟು 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್ಚು) ಬೀಳುತ್ತದೋ ಇಲ್ಲವೋ ನೋಡುವುದು. ಅದರ ಮೇಲಿನ ಟೆಸ್ಟ್ ಬಟನ್ ಒತ್ತಿದರೆ ಆರ್‌ಸಿಸಿಬಿ ಸರಿ ಇದೆ ಎಂದಷ್ಟೇ ತಿಳಿಯುತ್ತದೆ, ನಿಮ್ಮ ಅರ್ತಿಂಗ್ ಸರಿ ಇದೆ ಎಂದು ತಿಳಿಯುವುದಿಲ್ಲ. ಎರಡನೆಯದಕ್ಕೆ ಸಾಕೆಟ್‌ಗೆ ಚುಚ್ಚುವ ಟೆಸ್ಟರ್ ಬೇಕು.

ಆರ್‌ಸಿಸಿಬಿ ಪದೇ ಪದೇ ಬೀಳುತ್ತದೆ ಎಂಬ ದೂರು ಬಂದರೆ ಹೆಚ್ಚಿನ ಸಲ ತಪ್ಪು ಎರಡೇ ಜಾಗದಲ್ಲಿ. ಆರ್‌ಸಿಸಿಬಿ ದಾಟಿದ ಮೇಲೆ ನ್ಯೂಟ್ರಲ್ ಮತ್ತು ಅರ್ತ್ ಎಲ್ಲೋ ಒಂದಾಗಿರುತ್ತವೆ, ಇಲ್ಲವೇ ಬೆಡ್‌ರೂಮಿನ ಪಾಯಿಂಟಿಗೆ ಹಾಲ್‌ನ ನ್ಯೂಟ್ರಲ್ ಎರವಲು ತಂದಿರುತ್ತಾರೆ. ಇದನ್ನು ಹುಡುಕಲು ಎರಡು ಗಂಟೆ ಬೇಕು, ಆರ್‌ಸಿಸಿಬಿ ಬೈಪಾಸ್ ಮಾಡಲು ಎರಡು ನಿಮಿಷ ಸಾಕು. ಎರಡು ನಿಮಿಷದ ಕೆಲಸಕ್ಕೇ ಗಿರಾಕಿ ದುಡ್ಡು ಕೊಡುತ್ತಾರೆ ಎಂಬುದು ನಿಜ, ಆದರೂ ಅದನ್ನು ಮಾಡಬೇಡಿ. 2.5 ಚದರ ಮಿ.ಮೀ. ತಂತಿಗೆ 32 ಆಂಪ್ ಎಂಸಿಬಿ (ಲೋಡ್ ಮೀರಿದರೆ ಲೈನ್ ಕಡಿಯುವ ಸ್ವಿಚ್ಚು) ಹಾಕುವುದೂ ಇದೇ ಜಾತಿಯ ಪಾಪ. ಪೈಪಿನೊಳಗಿನ 2.5ಕ್ಕೆ 20 ಆಂಪ್ ಮೀರಬಾರದು. 3 ಕಿಲೋವ್ಯಾಟಿನ ಗೀಸರ್ ಒಂದೇ 13 ಆಂಪ್ ಎಳೆಯುತ್ತದೆ, ಅದೇ ಲೈನಿಗೆ ವಾಷಿಂಗ್ ಮಷೀನ್ ಜೋಡಿಸಿದಾಗ ಎಂಸಿಬಿ ಬೀಳುವುದು ತಪ್ಪಲ್ಲ, ಅದರ ಕೆಲಸವೇ ಅದು.

15 ಮೀಟರಿಗಿಂತ ಎತ್ತರದ ಕಟ್ಟಡವಾದರೆ ನಿಮ್ಮ ಸಹಿಯೊಂದೇ ಸಾಲದು, ವಿದ್ಯುತ್ ನಿರೀಕ್ಷಕರ ಒಪ್ಪಿಗೆಯೂ ಬೇಕು. ಅದಕ್ಕೆ ಹಿಡಿಯುವ ಸಮಯವನ್ನು ಬಿಲ್ಡರಿಗೆ ಕೊಟೇಶನ್ನಿನಲ್ಲೇ ಬರೆದು ಕೊಡಿ. ಪೊಸೆಶನ್ ತಡವಾದರೆ ಬೊಟ್ಟು ತೋರಿಸುವುದು ನಿಮ್ಮತ್ತಲೇ.

ಪುಣೆಯ ಕರಿಕಲ್ಲು

ಅರ್ತಿಂಗ್ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಪುಣೆಯ ನೆಲ ಬಸಾಲ್ಟ್. ಮೇಲೆ ಎರಡು ಅಡಿ ಮುರುಮು (ಗರಸು ಮಣ್ಣು), ಕೆಳಗೆ ಕರಿಕಲ್ಲು. ಬಯಲುಸೀಮೆಯ ಎರೆಮಣ್ಣಿನಲ್ಲಿ ಗುಂಡಿ ತೋಡಿ ಪ್ಲೇಟ್ ಹೂತ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಬೋರ್ ಹೊಡೆಸಬೇಕು, ನೆಲಕ್ಕಿಳಿಸುವ ಒಂದೇ ಎಲೆಕ್ಟ್ರೋಡ್‌ನಲ್ಲಿ ಅರ್ತ್ ರೋಧದ ರೀಡಿಂಗ್ ಇಳಿಯದಿದ್ದರೆ ಎರಡು ಮೂರು ಹಾಕಿ ಜೋಡಿಸಬೇಕು, ಒಂದಕ್ಕೊಂದು ಕನಿಷ್ಠ ಎಲೆಕ್ಟ್ರೋಡಿನ ಉದ್ದದಷ್ಟಾದರೂ ದೂರ ಇರಬೇಕು. ಹತ್ತಿರ ಹತ್ತಿರ ಹೂತರೆ ದುಡ್ಡು ಹೋಗುತ್ತದೆ, ರೀಡಿಂಗ್ ಇಳಿಯುವುದಿಲ್ಲ. ಕೊಟೇಶನ್ನಿನಲ್ಲಿ 'ಅರ್ತಿಂಗ್ 2 ನಗ' (ಎರಡು ಅರ್ತಿಂಗ್) ಎಂದಷ್ಟೇ ಬರೆಯಬೇಡಿ. ಬೋರಿಂಗ್ ಪ್ರತಿ ಅಡಿಗೆ ಇಷ್ಟು, ಎಲೆಕ್ಟ್ರೋಡ್ ಪ್ರತಿ ನಗಕ್ಕೆ ಇಷ್ಟು, ಸ್ಟ್ರಿಪ್ ಪ್ರತಿ ಮೀಟರಿಗೆ ಇಷ್ಟು ಎಂದು ಬಿಡಿಸಿ ಬರೆಯಿರಿ.

ಪರೀಕ್ಷೆ ಮೇ ತಿಂಗಳಲ್ಲಿ ಮಾಡಿ, ನೆಲ ಒಣಗಿದಾಗ. ಆಗಸ್ಟ್‌ನಲ್ಲಿ ತೆಗೆದ ಒಳ್ಳೆಯ ರೀಡಿಂಗ್ ನಂಬಿಕೊಂಡರೆ ಬೇಸಿಗೆಯಲ್ಲಿ ಮೋಸ ಹೋಗುತ್ತೀರಿ. ಮೂರು ಗೂಟದ ಪರೀಕ್ಷೆಯಲ್ಲಿ ನಡುವಿನ ಗೂಟ, ಎಲೆಕ್ಟ್ರೋಡಿನಿಂದ ಕೊನೆಯ ಗೂಟದವರೆಗಿನ ಒಟ್ಟು ದೂರದ 62 ಪ್ರತಿಶತದಲ್ಲಿ ಇರಬೇಕು. ಸೊಸೈಟಿಗಳಲ್ಲಿ ಎಲ್ಲೆಡೆ ಪೇವರ್ ಬ್ಲಾಕ್ ಹಾಸಿರುತ್ತಾರೆ, ಗೂಟ ಹೊಡೆಯಲು ಜಾಗವಿರದು, ಹಾಗಾಗಿ ಅಂದಾಜಿನ ಅಂಕಿ ಬರೆದುಬಿಡುವವರೇ ಹೆಚ್ಚು. ನಾಲ್ಕು ಬ್ಲಾಕ್ ಎತ್ತಿ ಮತ್ತೆ ಕೂರಿಸುವ ಮಜೂರಿಯನ್ನು ದರದಲ್ಲೇ ಸೇರಿಸಿಬಿಟ್ಟರೆ ಈ ಸುಳ್ಳು ಬರೆಯುವ ಪ್ರಮೇಯ ಬಾರದು.

ತಾಮ್ರದ ಲೆಕ್ಕ

ಪುಣೆಯ ತಪಕೀರ್ ಗಲ್ಲಿಯಲ್ಲಾಗಲಿ, ಮುಂಬೈಯ ಲೋಹಾರ್ ಚಾಳದಲ್ಲಾಗಲಿ ಅಂಗಡಿಯವರು ಹೇಳುವುದು ಪಟ್ಟಿ ಬೆಲೆಯ ಮೇಲೆ ಇಷ್ಟು ಡಿಸ್ಕೌಂಟ್ ಎಂದು. ಡಿಸ್ಕೌಂಟ್ ಕೇಳಿ ಖುಷಿಪಡುವುದಕ್ಕಿಂತ ಕಿಲೋ ಲೆಕ್ಕ ಕಲಿಯಿರಿ. ತಾಮ್ರದ ಸಾಂದ್ರತೆ ಗೊತ್ತಿದ್ದರೆ ಸಾಕು: 90 ಮೀಟರ್ ಕಾಯಿಲ್‌ನಲ್ಲಿ 1.5 ಚದರ ಮಿ.ಮೀ. ತಂತಿಗೆ ಸುಮಾರು 1.2 ಕಿಲೋ ತಾಮ್ರ, 2.5ಕ್ಕೆ 2 ಕಿಲೋ, 4ಕ್ಕೆ 3.2 ಕಿಲೋ. ಒಂದು 2 ಬಿಎಚ್‌ಕೆಗೆ 1.5ರ 7 ಕಾಯಿಲ್, 2.5ರ 5, 4ರ 3 ಎಂದು ಹಿಡಿದರೆ ಒಟ್ಟು 28 ಕಿಲೋ. ಕೊಟೇಶನ್ ಕೊಟ್ಟ ದಿನಕ್ಕೂ ಮಾಲು ಎತ್ತುವ ದಿನಕ್ಕೂ ನಡುವೆ ತಾಮ್ರ ಕಿಲೋಗೆ 100 ರೂಪಾಯಿ ಏರಿದರೆ ಫ್ಲ್ಯಾಟಿಗೆ 2,800 ಕೈಬಿಟ್ಟಿತು. 20 ಫ್ಲ್ಯಾಟಿನ ಕಟ್ಟಡಕ್ಕೆ 56,000. ಸ್ಲ್ಯಾಬ್ ಪೈಪ್ ಹಾಕಿ ಎಂಟು ಹತ್ತು ತಿಂಗಳ ಮೇಲೆ ತಂತಿ ಎಳೆಯುವುದು ನಮ್ಮ ಕೆಲಸದ ರೀತಿ. ಅಷ್ಟು ಕಾಲ ತಾಮ್ರ ನಿಂತಲ್ಲೇ ನಿಂತಿರುತ್ತದೆಯೇ?

ಹಾಗಾಗಿ ಕೊಟೇಶನ್ನಿನಲ್ಲಿ ಮೂರು ಸಾಲು ಇರಲೇಬೇಕು. ಈ ದರ ಇಂಥ ದಿನದ ತಾಮ್ರದ ಭಾವದ ಮೇಲೆ ನಿಂತಿದೆ. ತಂತಿಯ ದರ 15 ದಿನ ಮಾತ್ರ ಚಾಲ್ತಿ. ಆಮೇಲೆ ಏರಿದರೂ ಇಳಿದರೂ ವ್ಯತ್ಯಾಸ ಕಿಲೋ ಲೆಕ್ಕದಲ್ಲಿ. 'ಇಳಿದರೂ' ಎಂಬುದನ್ನು ಬಿಡಬೇಡಿ, ಅದಿಲ್ಲದೆ ಬಿಲ್ಡರ್ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ.

ಅಗ್ಗದ ತಂತಿ ಸಿಕ್ಕಿತೆಂದು ತರುವ ಮೊದಲು ಕಾಯಿಲ್‌ನ ಎರಡು ತುದಿಗೆ ಮೀಟರ್ ಹಿಡಿಯಿರಿ. ಭಾರತೀಯ ಮಾನಕದ ಪ್ರಕಾರ ಎಳೆ ತಂತಿಯ ರೋಧ 20 ಡಿಗ್ರಿಯಲ್ಲಿ ಕಿಲೋಮೀಟರಿಗೆ 1.5ಕ್ಕೆ 13.3 ಓಮ್, 2.5ಕ್ಕೆ 7.98, 4ಕ್ಕೆ 4.95 ಮೀರಬಾರದು. ಅಂದರೆ 2.5ರ 90 ಮೀಟರಿಗೆ 0.72 ಓಮ್. ಪುಣೆಯ 30 ಡಿಗ್ರಿಯಲ್ಲಿ ಅದು 4 ಪ್ರತಿಶತ ಹೆಚ್ಚು ತೋರಿಸಿದರೆ ಸರಿಯೇ. ಮೀಟರಿನ ಎರಡು ಕಡ್ಡಿ ಒಂದಕ್ಕೊಂದು ತಾಗಿಸಿದಾಗ ತೋರುವ ಅಂಕಿಯನ್ನು ಕಳೆಯಲು ಮರೆಯಬೇಡಿ, ಅದೇ 0.2, 0.3 ಇರುತ್ತದೆ. 0.9, 1.0 ಬಂದರೆ ತಾಮ್ರ ತೆಳುವಾಗಿದೆ ಅಥವಾ ಕಾಯಿಲ್ ಉದ್ದ ಬೇರೆ ಇದೆ. ಬ್ಲೇಡಿನಿಂದ ಕೆರೆದಾಗ ಒಳಗೆ ಬೆಳ್ಳಗೆ ಕಂಡರೆ ತಾಮ್ರ ಲೇಪಿಸಿದ ಅಲ್ಯುಮಿನಿಯಂ. ವಾಪಸ್ ಕೊಡಿ.

ಕೈಯ ಕೆಲಸದ ದರ

ಇಲ್ಲಿ ನಾನು ಹಿಡಿಯುವ ಅಂಕಿಗಳು ಲೆಕ್ಕ ತೋರಿಸಲು ಮಾತ್ರ, ನಿಮ್ಮವು ನೀವು ಹಾಕಿಕೊಳ್ಳಿ. ವೈರ್‌ಮನ್‌ಗೆ ದಿನಕ್ಕೆ 900, ಹೆಲ್ಪರಿಗೆ 600, ಜೋಡಿಗೆ 1,500. ಸ್ಲ್ಯಾಬ್ ಪೈಪಿನಿಂದ ಸ್ವಿಚ್ ಪ್ಲೇಟಿನವರೆಗೆ ಎಲ್ಲ ಹಂತ ಕೂಡಿಸಿ ಸರಾಸರಿ ದಿನಕ್ಕೆ 4 ಪಾಯಿಂಟ್ ಎಂದರೆ ಪಾಯಿಂಟಿಗೆ 375. ಹೆಚ್ಚಿನವರ ಲೆಕ್ಕ ಇಲ್ಲಿಗೇ ನಿಲ್ಲುತ್ತದೆ, 450 ಹೇಳಿ 75 ಉಳಿಯಿತು ಅನ್ನುತ್ತಾರೆ. 26 ದಿನದ ಪಗಾರ ಕೊಟ್ಟರೂ ಕೆಲಸ ಸಿಕ್ಕಿದ್ದು 21 ದಿನ: ಒಂದು ದಿನ ಗಾರೆಯವರು ಮುಗಿಸಿರಲಿಲ್ಲ, ಎರಡು ದಿನ ಮಾಲು ಬರಲಿಲ್ಲ, ಎರಡು ದಿನ ಮಳೆ. 375 ಇದ್ದದ್ದು 464 ಆಯಿತು. ಕಟರ್ ಬ್ಲೇಡ್, ಡ್ರಿಲ್ ಬಿಟ್, ಟೆಂಪೋಗೆ 40. ತಿಂಗಳಿಗೆ 25,000 ಪಗಾರದ ಸೂಪರ್‌ವೈಸರ್ ನಾಲ್ಕು ಜೋಡಿ ನೋಡಿಕೊಂಡರೆ 336 ಪಾಯಿಂಟಿಗೆ ಹಂಚಿ ತಲಾ 74. ಒಟ್ಟು 578. ಲಾಭ ಇನ್ನೂ ಸೇರಿಲ್ಲ. 450ಕ್ಕೆ ಒಪ್ಪಿಕೊಂಡವರು ಪಾಯಿಂಟಿಗೆ 128 ರೂಪಾಯಿ ತಮ್ಮ ಜೇಬಿನಿಂದ ಹಾಕಿ ಬಿಲ್ಡರನ ಮನೆಗೆ ದೀಪ ಹಚ್ಚಿದರು.

ಹಂತಗಳಲ್ಲಿ ಅತಿ ಹೆಚ್ಚು ನಷ್ಟ ತರುವುದು ಸ್ಲ್ಯಾಬಿನ ದಿನ. ಜಾಯಿಂಟಿಗೆ ಸಲ್ಯೂಶನ್ ಹಚ್ಚದೆ ಬರೀ ತುರುಕಿದ ಪೈಪು ವೈಬ್ರೇಟರ್ ತಾಗಿದೊಡನೆ ಕಳಚುತ್ತದೆ, ಸಿಮೆಂಟಿನ ಹಾಲು ಒಳಗೆ ಇಳಿದು ಗಟ್ಟಿಯಾಗುತ್ತದೆ. ಕಬ್ಬಿಣದ ಮೇಲೆ ಓಡಾಡುವವರು ತುಳಿದು ಪೈಪು ಚಪ್ಪಟೆಯಾಗುತ್ತದೆ. ಇದು ಗೊತ್ತಾಗುವುದು ತಂತಿ ಎಳೆಯುವಾಗ. ಆಗ ಸ್ಲ್ಯಾಬ್ ಒಡೆಯಲು ಬಿಡುವುದಿಲ್ಲ, ಗೋಡೆ ಸುತ್ತಿ ಬರಬೇಕು, ಪೈಪು, ತಂತಿ, ಪ್ಲಾಸ್ಟರ್ ಎಲ್ಲ ಮತ್ತೆ. ಕಾಂಕ್ರೀಟ್ ಬೀಳುವಷ್ಟು ಹೊತ್ತೂ ನಿಮ್ಮ ಒಬ್ಬ ಆಳು ಅಲ್ಲಿ ನಿಂತಿರಬೇಕು, ಆ ದಿನದ ಪಗಾರ ದರದಲ್ಲಿರಬೇಕು. ಹಾಕುವ ಮೊದಲು ಪ್ರತಿ ಕೋಣೆಯ ಫೋಟೋ ತೆಗೆದಿಡಿ. ಪೈಪಿನಲ್ಲಿ ತಂತಿ 40 ಪ್ರತಿಶತಕ್ಕಿಂತ ಹೆಚ್ಚು ಜಾಗ ತುಂಬಬಾರದು, ದುಡ್ಡು ಉಳಿಸಲು 20 ಮಿ.ಮೀ. ಪೈಪು ಹಾಕಿ, ಎಳೆಯುವಾಗ ಇನ್ಸುಲೇಶನ್ ಸುಲಿದವರು ಬಹಳ.

ಬಾಗಿಲು, ಕಿಟಕಿ ಕೂರಿಸದ ಮಹಡಿಯಲ್ಲಿ ತಂತಿ ಎಳೆಯಬೇಡಿ, ರಾತ್ರೋರಾತ್ರಿ ಮಾಯವಾಗುತ್ತದೆ. ಎಳೆದ ಮಹಡಿಯನ್ನು ಸಹಿ ಪಡೆದು ಬಿಲ್ಡರನ ಸುಪರ್ದಿಗೆ ಒಪ್ಪಿಸಿ.

ತೆರಿಗೆ ಮತ್ತು ಬಾಕಿ

ಮಾಲು ಸಹಿತ ವೈರಿಂಗ್ ಎಂದರೆ ಜಿಎಸ್‌ಟಿ ಕಣ್ಣಿಗೆ ಕಾಮಗಾರಿ ಗುತ್ತಿಗೆ, ಅಂದರೆ ಸೇವೆ. ನೋಂದಣಿಯ ಮಿತಿ 20 ಲಕ್ಷ. 40 ಲಕ್ಷ ಎಂದು ನೆಮ್ಮದಿಯಾಗಿ ಕೂತವರು ವ್ಯಾಪಾರಿಗಳ ಮಿತಿಯನ್ನು ತಮ್ಮದೆಂದುಕೊಂಡಿದ್ದಾರೆ. ತೆರಿಗೆ 18 ಪ್ರತಿಶತ. ಒಂಟಿ ಮಾಲೀಕರಾದರೆ ಬಿಲ್ಡರ್ ಮೂಲದಲ್ಲೇ 1 ಪ್ರತಿಶತ ಕಡಿಯುತ್ತಾನೆ, ಅದು ನಿಮ್ಮ ಪ್ಯಾನ್ ಖಾತೆಗೆ ಜಮಾ ಆಯಿತೋ ಇಲ್ಲವೋ ಮೂರು ತಿಂಗಳಿಗೊಮ್ಮೆ ನೋಡಿಕೊಳ್ಳಿ.

ಉದ್ಯಮ್ ನೋಂದಣಿ ಪುಕ್ಕಟೆ. ಸೂಕ್ಷ್ಮ, ಸಣ್ಣ ಉದ್ದಿಮೆಗಳ ಬಿಲ್ಲನ್ನು ಹೆಚ್ಚೆಂದರೆ 45 ದಿನದಲ್ಲಿ ತೀರಿಸಬೇಕು ಎಂದು 2006ರ ಕಾಯ್ದೆ ಹೇಳುತ್ತದೆ, ತಡವಾದರೆ ಚಕ್ರಬಡ್ಡಿ. ಆದರೆ ಕಾಮಗಾರಿ ಗುತ್ತಿಗೆಗೆ ಇದು ಅನ್ವಯಿಸದು ಎಂದು ನ್ಯಾಯಾಲಯಗಳು ಹೇಳಿರುವುದೂ ಉಂಟು, ಇದೇ ಬಾಂಬೆ ಹೈಕೋರ್ಟಿನಲ್ಲೂ. ಹಾಗಾಗಿ ಇದೊಂದನ್ನೇ ನಂಬಿ ಕೂರಬೇಡಿ. ಪೇಟೆಯ ಲೆಕ್ಕ ಹೆಚ್ಚು ಗಟ್ಟಿ: ಅಂಗಡಿಯಲ್ಲಿ ನಗದಿಗೂ 45 ದಿನದ ಉದ್ರಿಗೂ ಡಿಸ್ಕೌಂಟಿನಲ್ಲಿ 3 ಪ್ರತಿಶತ ವ್ಯತ್ಯಾಸವಿದ್ದರೆ ವರ್ಷಕ್ಕೆ 24 ಪ್ರತಿಶತ ಬಡ್ಡಿ ಕೊಟ್ಟಂತೆ. ಅದನ್ನು ತುಂಬುವುದಕ್ಕೆ ತಂತಿ ಸೈಟಿಗೆ ಬಂದ ದಿನವೇ ಅದರ ಬಿಲ್ ಆಗಬೇಕು, ಎಳೆದ ಮೇಲಲ್ಲ.

ಸರ್ಕಾರಿ ಕೆಲಸದ ಬಗ್ಗೆ ಸಣ್ಣ ಸೂಚನೆ. ಮಹಾರಾಷ್ಟ್ರ ಲೋಕೋಪಯೋಗಿ ಇಲಾಖೆಯ ಸಣ್ಣ ಕಾಮಗಾರಿಗಳು ನಿರುದ್ಯೋಗಿ ಇಂಜಿನಿಯರರು, ಮಜೂರ್ ಸಹಕಾರಿ ಸಂಘಗಳು, ಮುಕ್ತ ಗುತ್ತಿಗೆದಾರರು ಎಂದು ಮೂರು ಪಾಲಾಗಿ ಹಂಚಿಕೆಯಾಗುತ್ತವೆ. ನಿಮ್ಮ ಮನೆಯಲ್ಲಿ ಡಿಪ್ಲೊಮಾ ಮುಗಿಸಿದ ಮಗನೋ ಮಗಳೋ ಇದ್ದರೆ ಮೊದಲನೆಯ ಬಾಗಿಲಿನ ಷರತ್ತುಗಳನ್ನು ವಿಚಾರಿಸಿ.

ಸಭೆಯಲ್ಲಿ ಬಂದ ಪ್ರಶ್ನೆಗಳು

ಸೋಲಾರಿಗೆ ಇಳಿಯಬೇಕೇ ಎಂದು ಹಲವರು ಕೇಳಿದರು. ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮನೆಗೆ 2 ಕಿಲೋವ್ಯಾಟ್ ತನಕ ಕಿಲೋವ್ಯಾಟಿಗೆ 30,000, ಮೂರನೆಯದಕ್ಕೆ 18,000, ಗರಿಷ್ಠ 78,000 ಸಬ್ಸಿಡಿ. ಅದು ಹೋಗುವುದು ಗಿರಾಕಿಯ ಖಾತೆಗೆ. 'ಸಬ್ಸಿಡಿ ಬಂದ ಮೇಲೆ ಕೊಡುತ್ತೇನೆ' ಎಂಬ ಮಾತಿಗೆ ಒಪ್ಪಿದರೆ 78,000 ನಿಮ್ಮದು ಸಿಕ್ಕಿಬಿತ್ತು. ಸಬ್ಸಿಡಿಗೆ ಭಾರತದಲ್ಲೇ ತಯಾರಾದ ಸೆಲ್‌ಗಳ ಪ್ಯಾನೆಲ್ ಬೇಕು, ಐದು ವರ್ಷದ ನಿರ್ವಹಣೆ ನಿಮ್ಮ ತಲೆಯ ಮೇಲೆ. ಡಿಸಿ, ಎಸಿ, ಮಿಂಚುವಾಹಕಕ್ಕೆ ಬೇರೆ ಬೇರೆ ಅರ್ತಿಂಗ್, ಅಂದರೆ ಮತ್ತೆ ಕರಿಕಲ್ಲಿನಲ್ಲಿ ಮೂರು ಬೋರ್. ಇವೆಲ್ಲ ದರದಲ್ಲಿ ಕೂತರೆ ಇಳಿಯಿರಿ.

ಬೇರೆಯವರ ಲೈಸೆನ್ಸಿನ ಮೇಲೆ ಕೆಲಸ ಮಾಡಬಹುದೇ? ಅವರ ಅಧಿಕೃತ ನೌಕರನಾಗಿ, ಪರ್ಮಿಟ್ ಇಟ್ಟುಕೊಂಡು, ಅವರ ಸೂಪರ್‌ವೈಸರ್ ಬಂದು ನೋಡುತ್ತಿದ್ದರೆ ಮಾಡಬಹುದು. ಕಮಿಷನ್ ಕೊಟ್ಟು ಹೆಸರು ಬಾಡಿಗೆ ಪಡೆಯುವುದು ಆಗದು.

ಬಿಲ್ಡರನ್ನು ಬಿಟ್ಟರೆ ಸ್ಥಿರವಾದ ಕೆಲಸ ಯಾವುದು ಎಂದು ಕೊನೆಯಲ್ಲಿ ಒಬ್ಬರು ಕೇಳಿದರು. ಸೊಸೈಟಿಗಳ ವಾರ್ಷಿಕ ನಿರ್ವಹಣೆ. ದರ ಚಿಕ್ಕದು, ಆದರೆ ತಿಂಗಳಿಗೆ ತಪ್ಪದೆ ಬರುತ್ತದೆ. ಒಪ್ಪಂದದಲ್ಲಿ ಕೆಲಸವನ್ನು ಹೆಸರಿಸಿ ಬರೆಯಿರಿ: ಮಳೆಗಾಲಕ್ಕೆ ಮೊದಲು ಮೀಟರ್ ರೂಮಿನ ಎಲ್ಲ ಟರ್ಮಿನಲ್ ಬಿಗಿ ಮಾಡುವುದು, ಮೂರು ತಿಂಗಳಿಗೊಮ್ಮೆ ಆರ್‌ಸಿಸಿಬಿ ಬಟನ್, ಮೇ ತಿಂಗಳ ಅರ್ತ್ ರೀಡಿಂಗ್, ಅಲ್ಯುಮಿನಿಯಂ ಕೇಬಲ್ ತಾಮ್ರದ ಪಟ್ಟಿಗೆ ಕೂಡುವಲ್ಲಿ ಬೈಮೆಟಲ್ ಲಗ್ (ಎರಡೂ ಲೋಹ ಸೇರಿಸಿ ಮಾಡಿದ ತುದಿ) ಇದೆಯೇ ಎಂದು ನೋಡುವುದು. ಎಲ್ಲಕ್ಕಿಂತ ಮೊದಲು ನ್ಯೂಟ್ರಲ್ ಲಿಂಕ್. ತ್ರೀ ಫೇಸ್‌ನಲ್ಲಿ ಅದು ಸಡಿಲವಾದರೆ ಕಡಿಮೆ ಲೋಡ್ ಇರುವ ಮನೆಗೆ 230ರ ಬದಲು 300 ವೋಲ್ಟ್ ದಾಟಿ ಹೋಗುತ್ತದೆ, ಟಿವಿ, ಫ್ರಿಜ್ ಸಾಲಾಗಿ ಸುಡುತ್ತವೆ. ಕರೆಂಟ್ ಬಂದ್ ಮಾಡಿಯೇ ಬಿಗಿ ಮಾಡಬೇಕಾದ ಕೆಲಸ ಅದು, ಎರಡು ಗಂಟೆಯ ಶಟ್‌ಡೌನ್ ಬೇಕು ಎಂದು ಸೊಸೈಟಿಗೆ ಒಪ್ಪಂದದಲ್ಲೇ ತಿಳಿಸಿಬಿಡಿ.